ಎಂಜಿನ್ನಿನ ಉಸಿರಿಗೊಂದು ಡಬ್ಬಿ

ನಾಚಿಕೆಯ ಸ್ವಭಾವದವರು ಸುಳ್ಳು ಹೇಳುವುದಿಲ್ಲ ಎಂದು ಜನ ನಂಬುತ್ತಾರೆ. ಹಾಗೇನಿಲ್ಲ, ಸುಳ್ಳು ಹೇಳುವಷ್ಟು ಬಾಯಿಯೂ ನಮಗೆ ಇರುವುದಿಲ್ಲ, ಅಷ್ಟೇ. ಸಾರವಾಡದ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದ ನಾನು ಆ ಏಳು ವರ್ಷಗಳಲ್ಲಿ ಗುರುಗಳಿಗೆ ಬಾಯಿಬಿಟ್ಟು ಕೊಟ್ಟ ಉತ್ತರ ಒಂದೇ, "ಹೌದ್ರಿ". ಹೌದು ಎನ್ನಬಾರದ ಪ್ರಶ್ನೆಗೂ ಅದನ್ನೇ ಕೊಟ್ಟು, ಒಮ್ಮೆ ಶಾಲೆಯ ಗಂಟೆ ಬಡಿಯುವ ಕೋಲು ಕದ್ದ ಅಪವಾದವನ್ನು ತಲೆಯ ಮೇಲೆ ಹೊತ್ತುಕೊಂಡು ಮನೆಗೆ ಬಂದಿದ್ದೆ. ಮದುವೆಯಾಗಿ ಬಬಲೇಶ್ವರಕ್ಕೆ ಹೋದ ಮೇಲೂ ಅಷ್ಟೇ. ಬಸ್ಸಿನಲ್ಲಿ ಇಳಿಯುವ ಜಾಗ ಬಂದರೆ ನಿಲ್ಲಿಸಿರಿ ಎನ್ನಲು ಗಂಟಲು ಏಳದೆ, ಯಾರಾದರೂ ಇಳಿಯುವಲ್ಲಿ ಅವರ ಹಿಂದೆ ಇಳಿದು ನಡೆದು ಬರುತ್ತಿದ್ದೆ. ನಿಮ್ಮ ಅಜ್ಜ ಇರುವವರೆಗೆ ನನ್ನ ಪಾಲಿನ ಮಾತನ್ನೂ ಅವರೇ ಆಡಿಬಿಡುತ್ತಿದ್ದರು. ಅವರು ಹೋದ ಮೇಲೆ ಮನೆಯಲ್ಲಿ ಒಬ್ಬರು ಕಡಿಮೆಯಾದಂತೆ ಅನಿಸಲಿಲ್ಲ, ಇಬ್ಬರು ಕಡಿಮೆಯಾದಂತೆ ಅನಿಸಿತು. ಇಂಥ ನಾನು ತಿಕೋಟಾದ ಒಂದು ಗ್ಯಾರೇಜಿನಲ್ಲಿ ಐದಾರು ಗಂಡಸರ ನಡುವೆ ಒಂದು ಇಡೀ ವಾಕ್ಯ ಮಾತನಾಡಿದೆ. ಮೊಮ್ಮಕ್ಕಳು ನೀವು ಅದನ್ನು ಬೇರೆಯವರ ಬಾಯಿಂದ ಕೇಳಿದ್ದೀರಿ. ನನ್ನ ಕೈಯಿಂದಲೂ ಒಮ್ಮೆ ಕೇಳಿರಿ.

ಮೊಮ್ಮಕ್ಕಳಲ್ಲಿ ನಿಮ್ಮೆಲ್ಲರಿಗಿಂತ ದೊಡ್ಡವಳಾದ ಅಕ್ಷತಾ ದನದ ಡಾಕ್ಟರಾಗಿ ವಿಜಯಪುರದ ಮನೆಯಲ್ಲಿ ನನ್ನ ಜೊತೆಗೆ ಇರುವುದು ನಿಮಗೆ ಗೊತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷ ಅವಳು ಲಸಿಕೆಯ ಐಸ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲೇ ಊರೂರು ತಿರುಗುತ್ತಿದ್ದಳು. ಒಮ್ಮೆ ಜೈನಾಪುರದಲ್ಲಿ ಎಮ್ಮೆಯೊಂದು ಈಯಲಾರದೆ ಒದ್ದಾಡುತ್ತಿತ್ತು. ಇವಳಿಗೆ ಬಸ್ಸು ತಪ್ಪಿ, ಸಿಕ್ಕ ಜೀಪಿನಲ್ಲಿ ಜೋತುಬಿದ್ದು ಹೋಗಿ ಮುಟ್ಟುವುದರೊಳಗೆ ಕರು ಉಳಿದಿರಲಿಲ್ಲ. ಅಂದು ಮನೆಗೆ ಬಂದವಳು ರೊಟ್ಟಿ ಮುರಿದು ಹಾಗೆಯೇ ತಟ್ಟೆಯಲ್ಲಿ ಬಿಟ್ಟಳು. ಮರುವರ್ಷ ತನ್ನ ಸಂಬಳದಿಂದ ಒಂದು ಹಳೆಯ ಕಾರು ತಂದಳು. ಬಣ್ಣ ಮಾಸಿದ್ದರೂ ಎಂಜಿನ್ ಟರ್ಬೊದ್ದು ಎಂದು ಹೇಳುವಾಗ ಅವಳ ಮುಖ ನೋಡಬೇಕಿತ್ತು. ಅಲ್ಲಿಂದ ಮುಂದೆ ಯಾವ ಊರಿನ ಫೋನು ಬಂದರೂ ಅವಳು ಅರ್ಧ ಚಹಾ ಬಿಟ್ಟು ಕೀಲಿ ಹಿಡಿದು ಎದ್ದುಬಿಡುತ್ತಾಳೆ. ಆ ಕಾರು ನಿಂತರೆ ನಿಲ್ಲುವುದು ಬರೀ ಕಾರಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಮುಂದೆ ನಾನು ಮಾಡಿದ್ದನ್ನು ಓದುವಾಗ ಇದು ನಿಮ್ಮ ನೆನಪಿನಲ್ಲಿರಲಿ.

ಅಕ್ಷತಾಳ ಜೊತೆ ಕಾರು ತೋರಿಸಲು ಹೋದಾಗ, ಟರ್ಬೊ ಎಂದರೇನು ಎಂದು ನನಗೆ ತಿಳಿಸಿಕೊಟ್ಟವರು ತಿಕೋಟಾದ ಹುಸೇನಸಾಬ ಮಿಸ್ತ್ರಿ. ದ್ರಾಕ್ಷಿ ತೋಟದವರ ಟ್ರ್ಯಾಕ್ಟರು, ಔಷಧ ಹೊಡೆಯುವ ಬ್ಲೋವರು, ಕಾರು, ಎಲ್ಲವೂ ಅವರ ಕೈಯಲ್ಲಿ ಒಮ್ಮೆ ಬಿಚ್ಚಿಸಿಕೊಂಡವೇ. ಅವರು ಹೇಳಿದ ಪ್ರಕಾರ, ಎಂಜಿನ್ನಿನಿಂದ ಹೊರಗೆ ಹೋಗುವ ಹೊಗೆಯ ರಭಸಕ್ಕೆ ಒಂದು ಚಿಕ್ಕ ಗಾಲಿ ತಿರುಗುತ್ತದೆ. ಆ ಗಾಲಿ ಹೊರಗಿನ ಗಾಳಿಯನ್ನು ಒತ್ತಿ ಒತ್ತಿ ಮತ್ತೆ ಎಂಜಿನ್ನಿಗೇ ತುಂಬುತ್ತದೆ. ಹೇಗೂ ಹೋಗುತ್ತಿರುವ ಹೊಗೆಯನ್ನು ಸುಮ್ಮನೆ ಹೋಗಗೊಡದೆ ದುಡಿಸಿಕೊಳ್ಳುವ ಈ ಉಪಾಯ ಕೇಳಿ ನಾನು ಬೆರಗಾದೆ. ಇದನ್ನು ಕಂಡುಹಿಡಿದವರು ಯಾರೋ ಗೊತ್ತಿಲ್ಲ, ಆದರೆ ಅವರ ಮನೆಯಲ್ಲಿ ಒಬ್ಬಳು ಗಟ್ಟಿ ಹೆಂಗಸು ಇದ್ದಿರಲೇಬೇಕು. ರೊಟ್ಟಿ ಬಡಿದು ಮುಗಿದ ಮೇಲೆ ಒಲೆಯ ಕೆಂಡದಲ್ಲಿ ಬದನೆಕಾಯಿ ಸುಟ್ಟುಕೊಂಡು, ಉಳಿದ ಬೂದಿಯ ಬಿಸಿಯಲ್ಲಿ ಹಾಲಿನ ಗಡಿಗೆ ಇಡುವವಳನ್ನು ನೋಡದೆ ಗಂಡಸಿಗೆ ಇಂಥದ್ದು ಹೊಳೆಯುವುದಿಲ್ಲ.

ಆದರೆ ಒತ್ತಿ ತುಂಬಿದ ಗಾಳಿ ಪೂರ್ತಿ ಮಾತು ಕೇಳುವುದಿಲ್ಲ. ಒಂದಿಷ್ಟು ಪಿಸ್ಟನ್ನಿನ ಬದಿಯಿಂದ ನುಸುಳಿ, ಕೆಳಗೆ ಎಣ್ಣೆ ಇರುವ ಕೋಣೆಗೆ ಇಳಿದು, ಎಣ್ಣೆಯ ಆವಿಯನ್ನು ಮೈಗೆ ಮೆತ್ತಿಕೊಂಡು ಮೇಲೆ ಬರುತ್ತದೆ. ಅದನ್ನು ಹೊರಗೆ ಬಿಟ್ಟರೆ ಊರಿಗೆ ಹೊಲಸು ಎಂದು ಒಂದು ಕೊಳವೆಯ ದಾರಿಯಿಂದ ಮರಳಿ ಎಂಜಿನ್ನಿನ ಮೂಗಿಗೇ ಕೊಡುತ್ತಾರೆ, ಅಲ್ಲಿ ಸುಟ್ಟು ಹೋಗಲಿ ಎಂದು. ಸುಡುವುದೇನೋ ಸುಡುತ್ತದೆ, ಹೋಗುವ ದಾರಿಯುದ್ದಕ್ಕೂ ಜಿಡ್ಡು ಹಚ್ಚಿ ಹೋಗುತ್ತದೆ. ಮಿಸ್ತ್ರಿ ಆ ಕೊಳವೆ ಬಿಚ್ಚಿ ಒಳಗೆ ಬೆರಳು ಆಡಿಸಿ ನನಗೆ ತೋರಿಸಿದರು. ಭಜಿ ಕರಿಯುವವರ ಅಂಗಡಿಯ ಗೋಡೆ ಮುಟ್ಟಿದ ಹಾಗಿತ್ತು.

"ನಡುವ ಒಂದು ಡಬ್ಬಿ ಕುಂದ್ರಿಸಿದ್ರ ಎಣ್ಣಿ ಅಲ್ಲೇ ಕುಂದರ್ತೈತಿ, ಗಾಳಿ ಅಷ್ಟ ಮುಂದ ಹೋಗ್ತೈತಿ. ಆಯಿಲ್ ಕ್ಯಾಚ್ ಕ್ಯಾನ್ ಅಂತಾರ ಅದಕ್ಕ. ಆದ್ರ ಡಾಕ್ಟರ್ ಬಾಯಾರ, ಹಾಕಲಿಲ್ಲಂದ್ರ ಗಾಡಿ ನಿಲ್ಲತೈತಿ ಅಂತ ನಾ ಹೇಳೂದಿಲ್ಲ" ಎಂದರು ಮಿಸ್ತ್ರಿ.

"ಹಾಕಿದ್ರ ಛಲೋ ಹೌದಲ್ಲೋ ಕಾಕಾ?" ಎಂದಳು ಅಕ್ಷತಾ.

"ಛಲೋ ಡಬ್ಬಿ ಹಾಕಿದ್ರ ಛಲೋ. ಕೆಟ್ಟದ್ದು ಹಾಕಿದ್ರ ಇಲ್ಲದ ಬ್ಯಾನಿ ತಂದ್ಹಂಗ."

ತನ್ನ ದುಡಿಮೆಗೆ ಬರುವ ಕೆಲಸವನ್ನೇ ಬೇಕಾದರೆ ಮಾಡಿಸಿರಿ, ಬೇಡವಾದರೆ ಬಿಡಿರಿ ಎನ್ನುವ ಮನುಷ್ಯನ ಮೇಲೆ ನನಗೆ ಅಂದಿನಿಂದ ಗೌರವ. ಇನ್ನು ಅಕ್ಷತಾ ಅಂದಿನಿಂದ ಮೂರು ವಾರ ಡಬ್ಬಿಯ ಜಪ ಮಾಡಿದಳು. ನಿಮ್ಮ ತಂದೆಯಂದಿರ ಮದುವೆಗೆ ಹೆಣ್ಣು ನೋಡುವಾಗಲೂ ನಾವು ಇಷ್ಟು ವಿಚಾರ ಮಾಡಿರಲಿಲ್ಲ. ಬಾಯಿ ಎಷ್ಟು ಅಗಲ, ಒಳಗೆ ಅಡ್ಡ ತಗಡು ಎಷ್ಟು, ಜಾಳಿಗೆ ಎಂಥದ್ದು, ತುಂಬಿದ್ದು ಹೊರಗಿನಿಂದ ತಿಳಿಯುತ್ತದೋ ಇಲ್ಲವೋ, ಮುಚ್ಚಳದ ರಬ್ಬರು ಬಿಸಿಗೆ ತಾಳುತ್ತದೋ ಇಲ್ಲವೋ ಎಂದು ಒಂದು ವಹಿಯಲ್ಲಿ ಬರೆದು ಬರೆದು ನನಗೆ ಓದಿ ಹೇಳುತ್ತಿದ್ದಳು. ನಾನು ಕಾಳು ಹಸನು ಮಾಡುತ್ತ ಹೂಂಗುಟ್ಟುತ್ತಿದ್ದೆ. ಅರ್ಧ ತಿಳಿಯುತ್ತಿರಲಿಲ್ಲ. ಆದರೆ ಒಂದು ಡಬ್ಬಿಯ ಬಗ್ಗೆ ಇಷ್ಟು ಕೇಳಬಹುದು ಎಂಬುದೇ ನನಗೆ ಹೊಸದು. ನಾನು ನನ್ನ ಜೀವಮಾನದಲ್ಲಿ ಅಂಗಡಿಯವನು ಕೊಟ್ಟ ಡಬ್ಬಿಯನ್ನು ತಿರುವಿಯೂ ನೋಡದೆ ತಂದವಳು.

ಒಂದು ರವಿವಾರ ಅವಳ ಜೊತೆ ವಿಜಯಪುರದ ಬಿಡಿಭಾಗಗಳ ಅಂಗಡಿಗೆ ಹೋದೆ. ಅಂಗಡಿಯವನು ಮೊದಲು ಕೆಂಪಗೆ ಥಳಥಳಿಸುವ ಒಂದು ಡಬ್ಬಿ ಇಟ್ಟ. ನನಗಂತೂ ಅದೇ ಹಿಡಿಸಿತು, ದೇವರ ಮುಂದೆ ಇಡುವಂತಿತ್ತು. ಅಕ್ಷತಾ ಮುಚ್ಚಳ ತಿರುವಿ ಒಳಗೆ ಇಣುಕಿ, "ಅಣ್ಣಾರ, ಇದರೊಳಗ ಏನೂ ಇಲ್ಲಲ್ರಿ. ಒಂದು ಕಡಿಯಿಂದ ಬಂದ ಗಾಳಿ ಇನ್ನೊಂದು ಕಡಿಯಿಂದ ಹಂಗ ಹೋಗ್ತೈತಿ, ಎಣ್ಣಿಗೆ ಯಾರು ನಿಲ್ಲು ಅನ್ನೋರು?" ಎಂದಳು. ಅವನು ನಕ್ಕು, "ಎಲ್ಲಾರೂ ಬಣ್ಣ ನೋಡಿ ಒಯ್ತಾರ್ರಿ, ಒಳಗ ನೋಡಿದವ್ರು ನೀವ ಮೊದಲು" ಎಂದ. ಕೆಂಪು ಡಬ್ಬಿಯ ಪರವಾಗಿ ಒಂದು ಮಾತೂ ಆಡದಿದ್ದುದಕ್ಕೆ ನನ್ನ ನಾಚಿಕೆಗೆ ಆಗ ನಾನು ಕೃತಜ್ಞಳಾದೆ. ಆಮೇಲೆ ಅವನು ಒಳಗೆ ತಗಡು, ಜಾಳಿಗೆ ಎಲ್ಲ ಇದ್ದ ಎರಡು ಡಬ್ಬಿ ತೆಗೆದ. ಒಂದು ದೊಡ್ಡದು, ಕರಿಯದು. ಇನ್ನೊಂದು ಸಣ್ಣದು, ಬೆಳ್ಳಿಯ ಬಣ್ಣದ್ದು. ಯಾವುದು ಎಂದು ಅಕ್ಷತಾ ನಿಂತೇ ಇದ್ದುದನ್ನು ಕಂಡು, "ಎರಡೂ ಒಯ್ದು ನೋಡ್ರಿ. ಬ್ಯಾಡಾದದ್ದು ಹೊಳ್ಳಿ ಕೊಡ್ರಿ" ಎಂದು ಎರಡನ್ನೂ ಕಟ್ಟಿಕೊಟ್ಟ. ಮೇಲೆ ನಮಗೆ ಚಹಾ ತರಿಸಿದ. ಹೆಸರು ಕೂಡ ಕೇಳದೆ ಇಷ್ಟು ನಂಬಿದ ಆ ಮನುಷ್ಯ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತ. ಅವನು ಅಲ್ಲಿ ಕುಳಿತದ್ದೇ ಮುಂದಿನ ಅನಾಹುತಕ್ಕೆ ಕಾರಣ.

ಮನೆಗೆ ಬಂದವಳೇ ಅಕ್ಷತಾ ನನ್ನ ಕುಕ್ಕರಿನಲ್ಲಿ ಬರೀ ನೀರು ಹಾಕಿ ಒಲೆಗೆ ಇಟ್ಟಳು. ಸೀಟಿ ತೆಗೆದು, ಆ ಜಾಗಕ್ಕೆ ಒಂದು ರಬ್ಬರು ನಳಿಗೆ ಸಿಗಿಸಿ, ಅದರ ಇನ್ನೊಂದು ತುದಿಯನ್ನು ಕರಿಯ ಡಬ್ಬಿಗೆ ಕೂಡಿಸಿದಳು. ನೀರು ಕುದಿದು ಹಬೆ ಡಬ್ಬಿಯೊಳಗೆ ಹೊಕ್ಕಿತು. ಹೊರಗಿನ ಬಾಯಿಗೆ ಅವಳು ನನ್ನ ಸ್ಟೀಲ್ ತಟ್ಟೆ ಹಿಡಿದು, ಎಷ್ಟು ಬೆವರುತ್ತದೆ ಎಂದು ನೋಡಿದಳು. ಆಮೇಲೆ ಡಬ್ಬಿಯ ತಳದ ಬಟ್ಟಲನ್ನು ತಿರುವಿ ತೆಗೆದು, ಕೂಡಿದ ನೀರನ್ನು ಔಷಧ ಕುಡಿಸುವ ಸಿರಿಂಜಿನಲ್ಲಿ ಎಳೆದು ಅಳೆದಳು. ಸಣ್ಣ ಡಬ್ಬಿಗೂ ಹಾಗೆಯೇ ಮಾಡಿದಳು. ಎಮ್ಮೆಯ ಸಿರಿಂಜು, ಅನ್ನದ ಕುಕ್ಕರು, ಕಾರಿನ ಡಬ್ಬಿ, ಮೂರನ್ನೂ ಒಂದೇ ಕಟ್ಟೆಯ ಮೇಲೆ ಕೂಡಿಸಿ ಉತ್ತರ ಹೊರಡಿಸಿದ ಆ ಹುಡುಗಿಯನ್ನು ನೋಡುತ್ತ, ಇವಳಿಗೆ ನಾನು ಅಡುಗೆ ಕಲಿಸಲಿಲ್ಲ ಎಂಬ ಕೊರಗು ನನಗೆ ಆ ಕ್ಷಣಕ್ಕೆ ಬಿಟ್ಟುಹೋಯಿತು. ಎರಡೂ ಚೆನ್ನಾಗಿಯೇ ಹಿಡಿದವು. ದೊಡ್ಡದರಲ್ಲಿ ಹೆಚ್ಚು ಹಿಡಿಸುವುದರಿಂದ ಮೇಲಿಂದ ಮೇಲೆ ಖಾಲಿ ಮಾಡುವ ಕೆಲಸ ಇಲ್ಲ ಎಂದು ಅದನ್ನೇ ಆರಿಸಿದಳು. ಎರಡನ್ನೂ ಒರೆಸಿ ಒಣಗಿಸಿ ರಟ್ಟಿನ ಪೆಟ್ಟಿಗೆಗಳಿಗೆ ಹಾಕಿ, "ಆಯಿ, ನಾಳೆ ಮುಂಜಾನೆ ತಿಕೋಟಾಕ್ಕ ಹೋಗಿ ದೊಡ್ಡದು ಹಾಕಿಸೂಣು. ಬರೂವಾಗ ಸಣ್ಣದು ಅಂಗಡಿಗೆ ಹೊಳ್ಳಿ ಕೊಡೂಣು" ಎಂದು ಹೇಳಿ ಹೊರಗೆ ಹೋದಳು.

ಹೊಳ್ಳಿ ಕೊಡುವುದು. ಈ ಮಾತು ಕಿವಿಗೆ ಬಿದ್ದ ಕೂಡಲೇ ನನ್ನ ಕೈ ತಾನಾಗಿಯೇ ಕಾಳು ಬೆಲ್ಲ ಇಡುವ ಗೋಡೆಯ ಮಾಡಿನ ಕಡೆಗೆ ಹೋಯಿತು. ನಮ್ಮ ಕಡೆ ಒಬ್ಬರ ಮನೆಯ ಡಬ್ಬಿಯನ್ನು ಖಾಲಿ ಮರಳಿಸುವುದಿಲ್ಲ. ಹೋಳಿಗೆ ಬಂದ ಡಬ್ಬಿಯಲ್ಲಿ ಹಿಡಿ ಜೋಳವನ್ನಾದರೂ, ಒಂದು ತುಣುಕು ಬೆಲ್ಲವನ್ನಾದರೂ ಹಾಕಿ ಕಳಿಸಬೇಕು. ಬಬಲೇಶ್ವರದಲ್ಲಿ ಇದ್ದಾಗ ಪಕ್ಕದ ಮನೆಯ ನೀಲವ್ವ ಒಂದು ಸ್ಟೀಲ್ ಡಬ್ಬಿಯಲ್ಲಿ ಹುರಕ್ಕಿ ಹೋಳಿಗೆ ಕಳಿಸಿದ್ದಳು. ನಾನು ಅದರಲ್ಲಿ ಶೇಂಗಾ ಉಂಡಿ ಹಾಕಿ ಮರಳಿಸಿದೆ. ಉಂಡಿ ಬಂದ ಡಬ್ಬಿಯನ್ನು ಅವಳಾದರೂ ಹೇಗೆ ಖಾಲಿ ಇಟ್ಟುಕೊಂಡಾಳು? ಚಕ್ಕುಲಿ ಹಾಕಿ ಕಳಿಸಿದಳು. ಹೀಗೆ ಎರಡು ವರ್ಷ ಆ ಡಬ್ಬಿ ಗೋಡೆಯ ಆಚೆ ಈಚೆ ಓಡಾಡಿ, ಕೊನೆಗೆ ಅದು ಮೂಲದಲ್ಲಿ ಯಾರದು ಎಂಬುದು ಇಬ್ಬರಿಗೂ ಮರೆತುಹೋಯಿತು. ಕೇಳಲು ನನಗೆ ನಾಚಿಕೆ. ಅವಳಿಗೂ ಇದ್ದಿರಬೇಕು.

ಇಂಥ ನಾನು, ಚಹಾ ಕುಡಿಸಿ, ಹೆಸರು ಕೇಳದೆ ಮಾಲು ಕೊಟ್ಟವನಿಗೆ ಖಾಲಿ ಡಬ್ಬಿ ಕಳಿಸುವುದುಂಟೇ? ಅಕ್ಷತಾ ಮಾಡಿದಂತೆಯೇ ಸಣ್ಣ ಡಬ್ಬಿಯ ತಳದ ಬಟ್ಟಲನ್ನು ತಿರುವಿ ತೆಗೆದೆ. ಸಕ್ಕರೆ ಹಾಕಿದೆ. ಅಲುಗಾಡಿಸಿದರೆ ಸರಸರ ಸದ್ದಾಯಿತು. ಅರ್ಧ ತುಂಬಿದ್ದು ಕೇಳಿ ಜಿಪುಣರು ಎಂದುಕೊಂಡಾನು ಎಂದು ಇನ್ನೊಂದಿಷ್ಟು ಹಾಕಿ, ಬೆರಳಿನಿಂದ ಒತ್ತಿ, ಸದ್ದೇ ಬರದಂತೆ ಗಟ್ಟಿ ತುಂಬಿ ಬಿಗಿದು ಪೆಟ್ಟಿಗೆಯಲ್ಲಿ ಇಟ್ಟೆ. ಈ ಕೆಲಸವನ್ನು ಯಾರಿಗೂ ಹೇಳಲಿಲ್ಲ. ಇಂಥದ್ದನ್ನು ಹೇಳಿ ಮಾಡುವವರು ಯಾರಿದ್ದಾರೆ?

ಮರುದಿನ ತಿಕೋಟಾದ ಗ್ಯಾರೇಜಿನಲ್ಲಿ ಕಟ್ಟಿಗೆಯ ಉದ್ದ ಬಾಕಿನ ಮೇಲೆ ಐದಾರು ಜನ ಗಂಡಸರು ತಮ್ಮ ತಮ್ಮ ಟ್ರ್ಯಾಕ್ಟರಿಗಾಗಿ ಕಾಯುತ್ತ ಕುಳಿತಿದ್ದರು. ಅವರ ನಡುವೆ ಕೂಡಲು ನನಗೆ ಸಂಕೋಚ. ಕಾರಿನ ಎಡಗಡೆಯ ಬಾಗಿಲಿಗೆ ಟೈರುಗಳ ರಾಶಿ ಅಡ್ಡ ಇದ್ದುದರಿಂದ ಅಕ್ಷತಾ ನನ್ನನ್ನು ಡ್ರೈವರನ ಸೀಟಿನಲ್ಲೇ ಕೂಡಿಸಿದಳು. ಬಾನೆಟ್ ಎತ್ತಿದ್ದರಿಂದ ಮುಂದೆ ಪರದೆ ಬಿಟ್ಟಂತಾಗಿ ನನಗೆ ಹಿತವಾಯಿತು. ಅದರ ಕೆಳಗಿನ ಸಂದಿನಿಂದ ಮಿಸ್ತ್ರಿಯ ಕೈಗಳಷ್ಟೇ ಕಾಣುತ್ತಿದ್ದವು. ನೋಡದೆಯೇ ನಟ್ಟು ಹುಡುಕುವ ಆ ಬೆರಳುಗಳನ್ನು ನೋಡುತ್ತ ನನಗೆ ಹೊತ್ತು ಹೋದದ್ದು ತಿಳಿಯಲಿಲ್ಲ. ಅಷ್ಟರಲ್ಲಿ ಅವರು ನಿಟ್ಟುಸಿರು ಬಿಟ್ಟದ್ದು ಕೇಳಿತು.

"ದೊಡ್ಡದು ಕುಂದರೂದಿಲ್ರಿ ಬಾಯಾರ. ಬ್ಯಾಟ್ರಿಗೆ ತಾಕತೈತಿ. ಆ ಕಡಿ ಜಾಗಾ ಐತಿ ಖರೆ, ಆದ್ರ ಅಲ್ಲಿ ಟರ್ಬೊದ ಕಾವು. ಅಲ್ಲಿಟ್ರ ಹಿಡಿದ ಎಣ್ಣಿ ಹೊಳ್ಳಿ ಆವಿ ಆಗಿ ಹೋಗ್ತೈತಿ."

"ಹಂಗಾರ ಸಣ್ಣದು ಹಾಕ್ರಿ ಕಾಕಾ, ಹಿಂದ ಡಿಕ್ಕಿಯೊಳಗ ಐತಿ. ಒಳಗ ಎಲ್ಲಾ ನೋಡೇನಿ, ಮನ್ಯಾಗ ಹಬಿ ಬಿಟ್ಟು ತಪಾಸ ಮಾಡೇನಿ" ಎಂದಳು ಅಕ್ಷತಾ. ಅಷ್ಟರಲ್ಲಿ ಅವಳ ಫೋನು ಬಂತು. ಯಾರದೋ ಎಮ್ಮೆ ಹಾಲು ಬಿಡುತ್ತಿಲ್ಲವಂತೆ. ಅವಳು ಮಾತನಾಡುತ್ತ ರಸ್ತೆಯ ಆಚೆ ಬೇವಿನ ಗಿಡದ ನೆರಳಿಗೆ ಹೋದಳು.

ಮಿಸ್ತ್ರಿ ಸಣ್ಣ ಡಬ್ಬಿಯನ್ನು ಪೆಟ್ಟಿಗೆಯಿಂದ ತೆಗೆದು ಅಂಗೈಯಲ್ಲಿ ತೂಗಿ, "ಸಣ್ಣದಾದ್ರೂ ಏನ ವಜ್ಜಾ ಐತ್ಯೋ. ಗಟ್ಟಿ ಮಾಲು ಇದು" ಎಂದರು. ಬಾಕಿನ ಮೇಲಿದ್ದ ಒಬ್ಬರು ಅದನ್ನು ಇಸಿದುಕೊಂಡು ತೂಗಿ ನೋಡಿ, "ಈಗಿನ ಕಾಲದಾಗ ಇಷ್ಟು ಗಟ್ಟಿ ಯಾರು ಮಾಡ್ತಾರಪಾ" ಎಂದು ಪಕ್ಕದವರಿಗೆ ಕೊಟ್ಟರು. ನಾನು ತುಂಬಿದ ಸಕ್ಕರೆಯ ತೂಕವನ್ನು ಐದಾರು ಜನ ಸರದಿಯಿಂದ ಮೆಚ್ಚಿಕೊಂಡರು.

ಆ ಹೊತ್ತಿನ ನನ್ನ ಅವಸ್ಥೆಯನ್ನು ಬರೆಯಲು ನಾನು ಕಲಿತ ಏಳು ಇಯತ್ತೆ ಸಾಲುವುದಿಲ್ಲ. ಡಬ್ಬಿಯ ಗಾಳಿ ಎಂಜಿನ್ನಿಗೆ ಹೋಗುತ್ತದೆ ಎಂದು ಅಕ್ಷತಾ ಮೂರು ವಾರ ನನಗೆ ಓದಿ ಹೇಳಿದ್ದಳು. ಸಕ್ಕರೆ ಆ ದಾರಿ ಹಿಡಿದರೆ ಏನಾದೀತು? ಕಾರು ಕೆಟ್ಟರೆ ಹುಡುಗಿ ಮತ್ತೆ ಐಸ್ ಡಬ್ಬಿ ಹೊತ್ತು ಬಸ್ಸಿಗೆ ಓಡುವುದು, ಯಾವುದೋ ಹಟ್ಟಿಯಲ್ಲಿ ಯಾವುದೋ ಎಮ್ಮೆ ದಾರಿ ಕಾಯುವುದು, ಎಲ್ಲ ಕಣ್ಣ ಮುಂದೆ ಬಂತು. ಬಾಯಿ ತೆರೆದೆ. ಗಾಳಿ ಮಾತ್ರ ಬಂತು. ಕೆಮ್ಮಿ ನೋಡಿದೆ. "ಧೂಳ ಭಾಳ ಆತರಿ ಇಲ್ಲಿ" ಎಂದು ಬಾಕಿನವರೊಬ್ಬರು ಕಾಳಜಿಯಿಂದ ಅಂದರು. ಅಕ್ಷತಾಳ ಕಡೆಗೆ ಕೈ ಬೀಸಿದೆ. ಅವಳೂ ಪ್ರೀತಿಯಿಂದ ನನಗೆ ಕೈ ಬೀಸಿದಳು. ಇತ್ತ ಮಿಸ್ತ್ರಿ ಕೊಳವೆ ಸಿಗಿಸಿ, ಅದನ್ನು ಹಿಡಿಯುವ ಎರಡೂ ತಗಡಿನ ಪಟ್ಟಿ ಬಿಗಿದು, ಕೈ ಒರೆಸಿಕೊಳ್ಳುತ್ತ ನನ್ನ ಕಿಟಕಿಗೆ ಬಂದರು.

"ಅಮ್ಮಾರ, ಗೇರ್ ತಗದೇನಿ. ಕೀಲಿ ಅಷ್ಟ ತಿರುವ್ರಿ, ಶುರು ಆಗಲಿ."

ಜೀವನದಲ್ಲಿ ಯಾರು ಹೇಳಿದ್ದಕ್ಕೂ ಇಲ್ಲ ಎಂದವಳಲ್ಲ ನಾನು. ಕೈ ಕೀಲಿಗೆ ಹೋಯಿತು. ಹೋದ ಕೈ ಅದನ್ನು ತಿರುವಲಿಲ್ಲ. ಹೊರಗೆ ಎಳೆದು, ಸೆರಗಿನ ತುದಿಗೆ ಇಟ್ಟು, ಎರಡು ಗಂಟು ಹಾಕಿತು.

ಮಿಸ್ತ್ರಿ ಬಗ್ಗಿ ಸೆರಗಿನ ಗಂಟನ್ನು ನೋಡಿದರು. "ಯಾಕ್ರೀ ಅಮ್ಮಾರ?"

ಬಾಕಿನವರೆಲ್ಲ ಇತ್ತ ತಿರುಗಿದರು. ನಾನು ಸ್ಟೇರಿಂಗಿಗೆ ಹೇಳಿದೆ, "ಆ ಡಬ್ಬಿ ತುಂಬ ನಾ ಸಕ್ರಿ ತುಂಬೇನ್ರಿ."

"ಏನ ತುಂಬೀರಿ?"

"ಸಕ್ರಿ. ಅಂಗಡ್ಯಾವರಿಗೆ ಹೊಳ್ಳಿ ಕೊಡೂದಿತ್ರಿ. ಖಾಲಿ ಡಬ್ಬಿ ಹ್ಯಾಂಗ ಕೊಡೂದು?"

ಯಾರೋ ಒಬ್ಬರು ನಗಲು ಶುರು ಮಾಡಿದರು. ಮಿಸ್ತ್ರಿ ಅವರ ಕಡೆ ತಿರುಗಿ, "ನಗಬ್ಯಾಡ್ರಿ. ಖಾಲಿ ಕೊಡಬಾರದು, ಅದು ಖರೇನ. ನಮ್ಮ ಮನ್ಯಾಗ ರಮಜಾನಕ್ಕ ಸುರಕುಂಬಾ ಕೊಟ್ಟ ಡಬ್ಬಿ ಎಂದೂ ಖಾಲಿ ಹೊಳ್ಳಿ ಬಂದಿಲ್ಲ" ಎಂದರು. ಆಮೇಲೆ ಪಟ್ಟಿ ಸಡಿಲಿಸಿ, ಡಬ್ಬಿ ಕಳಚಿ, ತಳದ ಬಟ್ಟಲನ್ನು ಒಂದು ಹಾಳೆಯ ಮೇಲೆ ಬೋರಲು ಹಾಕಿದರು. ಸಕ್ಕರೆ ಅಚ್ಚಿನಿಂದ ಬಿದ್ದ ಉಂಡೆಯಂತೆ ಗಟ್ಟಿಯಾಗಿ ನಿಂತಿತು.

"ಗಟ್ಟಿ ಮಾಲು ಅಂದ್ರ ಇದ ಏನ್ರಿ ಮಿಸ್ತ್ರಿ?" ಎಂದರು ತೂಗಿ ನೋಡಿದ್ದವರಲ್ಲಿ ಒಬ್ಬರು.

"ನೀವೂ ಹಿಡದು ನೋಡಿದ್ರಿಲ್ಲೋ? ಸುಮ್ಮ ಕುಂದರ್ರಿ" ಎಂದರು ಮಿಸ್ತ್ರಿ. ಒಳಗಿನ ಜಾಳಿಗೆಯನ್ನು ಬಿಸಿನೀರಿನಲ್ಲಿ ಜಾಲಿಸಿ, ಗಾಳಿ ಹೊಡೆದು, ಬೆಳಕಿಗೆ ಹಿಡಿದು ಮೂರು ಸಲ ನೋಡಿದರು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು, "ಆವಿ ತಾಗಿ ಸಕ್ರಿ ಪಾಕ ಆಗಿ ಜಾಳಿಗಿ ಕಟ್ಟತಿತ್ರಿ. ಉಸರಾಡಾಕ ದಾರಿ ಇಲ್ಲಂದ್ರ ಎಂಜಿನ್ ಎಲ್ಲಿ ಬೇಕಲ್ಲಿಂದ ಎಣ್ಣಿ ಕಾರತೈತಿ. ನೀವು ಹೇಳಿದ್ದು ಛಲೋ ಆತು. ಭಾಳ ಮಂದಿ ಹೇಳೂದಿಲ್ಲ."

ಫೋನು ಮುಗಿಸಿ ಬಂದ ಅಕ್ಷತಾಳಿಗೆ ಸುದ್ದಿ ತಿಳಿದಾಗ ಅವಳು ಹಾಳೆಯ ಮೇಲಿನ ಸಕ್ಕರೆಯನ್ನು ನೋಡಿದಳು, ನನ್ನ ಸೆರಗಿನ ಗಂಟನ್ನು ನೋಡಿದಳು. ಬೈಯಲಿಲ್ಲ. ಗಂಟು ಬಿಚ್ಚಿ ಕೀಲಿ ತೆಗೆದು ನನ್ನ ಕೈಗೇ ಕೊಟ್ಟು, "ತಿರುವ ಆಯಿ" ಎಂದಳು. ತಿರುವಿದೆ. ಎಂಜಿನ್ ಎದ್ದಿತು. ನಾನು ಶುರು ಮಾಡಿದ ಮೊದಲ ಕಾರು ಅದು. ಕಾಲ ಕೆಳಗಿನಿಂದ ಬೆನ್ನಿನವರೆಗೆ ಸಣ್ಣಗೆ ನಡುಕ ಬಂತು, ನನ್ನದೋ ಅದರದೋ ತಿಳಿಯಲಿಲ್ಲ. ಎರಡು ತಿಂಗಳಾದ ಮೇಲೆ ಆ ಡಬ್ಬಿಯ ಬಟ್ಟಲನ್ನು ಬಿಚ್ಚಿ ಅವಳು ನನಗೆ ತೋರಿಸಿದಳು. ಹಾಲು ಹಾಕದ ಚಹಾದಂಥ ಕಂದು ದ್ರವ, ತಳದಲ್ಲಿ ಜಿಡ್ಡು. ಇದಿಷ್ಟೂ ಎಂಜಿನ್ನಿನ ಒಳಗೆ ಹೋಗುವುದಿತ್ತು ಎಂದಳು. ಅಂಗೈಯಷ್ಟು ಡಬ್ಬಿ, ಮಾತಿಲ್ಲದೆ ಮೂಲೆಯಲ್ಲಿ ಕುಳಿತು ಇಷ್ಟು ಕೆಲಸ ಮಾಡಿದ್ದನ್ನು ಕಂಡು ನನಗೆ ಅದರ ಮೇಲೆ ಮಮತೆ ಬಂತು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅಕ್ಷತಾ ಅಂದಿನಿಂದ ಬಂದವರಿಗೆಲ್ಲ, "ನಮ್ಮ ಆಯಿ ಅಷ್ಟು ಮಂದಿ ಗಂಡಸರ ಮುಂದ ಖರೆ ಹೇಳಿದಳು, ಅಕಿ ಧೈರ್ಯ ನನಗಿಲ್ಲ" ಎಂದು ಹೇಳುತ್ತ ಬಂದಿದ್ದಾಳೆ. ನೀವೂ ಅದನ್ನು ಕೇಳಿ ನನ್ನನ್ನು ಬೇರೆ ಕಣ್ಣಿನಿಂದ ನೋಡುತ್ತಿದ್ದೀರಿ. ಅದು ನನಗೆ ರುಚಿಸಿದೆ, ಇಲ್ಲವೆನ್ನುವುದಿಲ್ಲ. ಆದರೆ ಕೆಮ್ಮಿ, ಕೈ ಬೀಸಿ ಸೋತ ಮೇಲೆ, ಮಿಸ್ತ್ರಿ ಪಟ್ಟಿ ಬಿಗಿಯುತ್ತಿದ್ದ ಆ ಹತ್ತು ನಿಮಿಷ ನಾನು ಧೈರ್ಯ ತಂದುಕೊಳ್ಳುತ್ತ ಕುಳಿತಿರಲಿಲ್ಲ. ಕಾರು ಕೆಟ್ಟರೆ ಯಾರ ತಪ್ಪು ಎಂದು ಮನಸ್ಸಿನಲ್ಲಿ ಹೊಂದಿಸುತ್ತಿದ್ದೆ. ಅಂಗಡಿಯವನೇ ಕೆಟ್ಟ ಡಬ್ಬಿ ಕೊಟ್ಟ ಎಂದು ತೀರ್ಮಾನವೂ ಆಗಿತ್ತು, ಚಹಾ ಕುಡಿಸಿ ನಂಬಿ ಕಳಿಸಿದ ಅದೇ ಮನುಷ್ಯ. ಸಕ್ಕರೆ ಸಿಕ್ಕರೂ ಅದು ಅವನ ಮನೆಯದೇ ಎನ್ನುವಷ್ಟು ದೂರ ಹೋಗಿದ್ದೆ. ಅಂದು ಮಿಸ್ತ್ರಿ ನನಗೆ ಹೇಳದೆ ತಾವೇ ಕೀಲಿ ತಿರುವಿದ್ದರೆ ನಾನು ಇವತ್ತಿಗೂ ಸುಮ್ಮನಿರುತ್ತಿದ್ದೆ, ನೀವು ಆ ಅಂಗಡಿಯವನನ್ನು ಬೈಯುತ್ತಿದ್ದಿರಿ.

ಇದನ್ನು ಅಕ್ಷತಾಳ ಎದುರಿಗೆ ಹೇಳಬೇಕೆಂದು ಹಲವು ಸಲ ಬಾಯಿ ತೆರೆದಿದ್ದೇನೆ. ಆಗದೆ ಬರೆದಿದ್ದೇನೆ. ನೀವು ಓದಿ ಅವಳ ಕೈಗೆ ಕೊಡಿರಿ. ಅಷ್ಟು ಹೊತ್ತು ನಾನು ಎದುರು ಮನೆಯಲ್ಲಿ ಕುಳಿತಿರುತ್ತೇನೆ. ಅವಳು ನಕ್ಕರೆ ಕರೆಯಿರಿ. ನಗದಿದ್ದರೆ ಆ ಎದುರು ಮನೆಯಲ್ಲೂ ಇವತ್ತು ರೊಟ್ಟಿಗೆ ಜುಣಕ ಮಾಡಿದ್ದಾರೆ, ನಾನು ಅಲ್ಲೇ ಉಣ್ಣುತ್ತೇನೆ.